ಚಿನ್ನ ಒಂದೇ, ಫಂಡು ಹಲವು: ವಿಜಯನಗರದ ಮನೆಗಳಿಗೊಂದು ಗೋಲ್ಡ್ ಇಟಿಎಫ್ ಲೆಕ್ಕ

ಬೆಂಗಳೂರಿನ ವಿಜಯನಗರದ ಮಾರುತಿ ಮಂದಿರದ ಆಸುಪಾಸಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ನಮ್ಮ ಮಧ್ಯಮ ವರ್ಗಕ್ಕೂ ಚಿನ್ನಕ್ಕೂ ಇರುವ ನಂಟು ಕಣ್ಣಿಗೆ ಬೀಳುತ್ತದೆ. ಒಡವೆ ಅಂಗಡಿಗಳು, ಅದೇ ಒಡವೆಯನ್ನು ಅಡವಿಟ್ಟುಕೊಂಡು ಸಾಲ ಕೊಡುವ ಶಾಖೆಗಳು, ತಿಂಗಳು ತಿಂಗಳು ಚಿನ್ನದ ಚೀಟಿ ಕಟ್ಟಲು ಬರುವ ಗೃಹಿಣಿಯರು. ಈಗ ಇವುಗಳ ಜೊತೆಗೆ ಮೊಬೈಲ್ ಸೇರಿದೆ. ಅತ್ತಿಗುಪ್ಪೆ, ಹಂಪಿನಗರ, ಗೋವಿಂದರಾಜನಗರದ ಮನೆಗಳಲ್ಲಿ ಕೆಲಸಕ್ಕೆ ಸೇರಿದ ಮಕ್ಕಳು "ಅಮ್ಮಾ, ಚೀಟಿ ಬಿಡು, ಗೋಲ್ಡ್ ಇಟಿಎಫ್ ತಗೊ" ಎನ್ನುತ್ತಾರೆ. ಅಮ್ಮ ಒಪ್ಪಿದ ಮೇಲೆ ಮಕ್ಕಳೇ ತಡವರಿಸುತ್ತಾರೆ. ಆ್ಯಪ್ ತೆರೆದರೆ ಇಪ್ಪತ್ತಕ್ಕೂ ಹೆಚ್ಚು ಫಂಡುಗಳು, ಯಾವುದನ್ನು ತೆಗೆದುಕೊಳ್ಳುವುದು?

ಹೆಚ್ಚಿನವರು ಕಳೆದ ವರ್ಷ ಯಾವುದು ಜಾಸ್ತಿ ಲಾಭ ಕೊಟ್ಟಿತು ಎಂದು ನೋಡಿ ಆರಿಸುತ್ತಾರೆ. ಷೇರು ಫಂಡಿಗೆ ಆ ನೋಟದಿಂದ ಒಂದಿಷ್ಟು ಉಪಯೋಗವಿದ್ದೀತು. ಚಿನ್ನದ ಫಂಡಿಗೆ ಇಲ್ಲ, ಏಕೆಂದರೆ ಎಲ್ಲ ಫಂಡುಗಳ ತಿಜೋರಿಯಲ್ಲಿ ಇರುವುದೂ ಒಂದೇ ಚಿನ್ನ. ನೋಡಬೇಕಾದದ್ದು ಆ ಚಿನ್ನ ನಿಮ್ಮ ಕೈ ಸೇರುವಾಗ, ಬಿಟ್ಟು ಹೋಗುವಾಗ, ಅವುಗಳ ನಡುವೆ ಎಷ್ಟು ಸೋರುತ್ತದೆ ಎಂಬುದನ್ನು.

ಇಟಿಎಫ್ ಎಂದರೆ ಷೇರು ಪೇಟೆಯಲ್ಲಿ ಷೇರಿನಂತೆಯೇ ಕೊಂಡು ಮಾರಬಹುದಾದ ಫಂಡು. ಚಿನ್ನಕ್ಕೆ ಇಂಥದ್ದೊಂದು ಬೇಕು ಎಂಬ ಪ್ರಸ್ತಾವವನ್ನು 2002ರಲ್ಲೇ ಬೆಂಚ್‌ಮಾರ್ಕ್ ಎಂಬ ಭಾರತದ ಸಣ್ಣ ಮ್ಯೂಚುವಲ್ ಫಂಡ್ ಸಂಸ್ಥೆ ಷೇರು ಪೇಟೆಯ ನಿಯಂತ್ರಕ ಸೆಬಿಯ ಮುಂದಿಟ್ಟಿತ್ತು. ಅನುಮತಿ ತಡವಾಯಿತು, ಅಷ್ಟರಲ್ಲಿ 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಜಗತ್ತಿನ ಮೊದಲ ಚಿನ್ನದ ಇಟಿಎಫ್ ಬಂತು. ನಮ್ಮಲ್ಲಿ ಗೋಲ್ಡ್ ಬೀಸ್ ಹೆಸರಿನ ಮೊದಲ ಫಂಡು ರಾಷ್ಟ್ರೀಯ ಷೇರು ಪೇಟೆಗೆ ಬಂದದ್ದು 2007ರ ಮಾರ್ಚ್‌ನಲ್ಲಿ. ಮುಂದೆ ಅದು ಗೋಲ್ಡ್‌ಮನ್ ಸ್ಯಾಕ್ಸ್‌ಗೆ, ಆಮೇಲೆ ರಿಲಯನ್ಸ್‌ಗೆ ಕೈ ಬದಲಾಗಿ ಈಗ ನಿಪ್ಪಾನ್ ಇಂಡಿಯಾದ ಹೆಸರಿನಲ್ಲಿದೆ. ಮಾಲೀಕರು ಎಷ್ಟು ಸಲ ಬದಲಾದರೂ ಹೂಡಿಕೆದಾರರ ಚಿನ್ನ ಹೂಡಿಕೆದಾರರದ್ದಾಗಿಯೇ ಉಳಿಯಿತು. ಫಂಡಿನ ಆಸ್ತಿ ಸಂಸ್ಥೆಯ ಆಸ್ತಿಯಲ್ಲ, ಟ್ರಸ್ಟಿನದು. ಇದು ಸಣ್ಣ ವಿಷಯವಲ್ಲ.

ಸೆಬಿ ನಿಯಮದಂತೆ ಫಂಡಿನ ಹಣದಲ್ಲಿ ಕನಿಷ್ಠ ಶೇ 95 ಭಾಗ ಚಿನ್ನ ಮತ್ತು ಚಿನ್ನಕ್ಕೆ ಸಂಬಂಧಿಸಿದ ಹೂಡಿಕೆಯಲ್ಲೇ ಇರಬೇಕು. ಚಿನ್ನದ ಶುದ್ಧತೆ ಶೇ 99.5ಕ್ಕೆ ಕಡಿಮೆ ಇರುವಂತಿಲ್ಲ. ಅದು ಪ್ರತ್ಯೇಕ ಕಸ್ಟೋಡಿಯನ್ ಸಂಸ್ಥೆಯ ಸುಪರ್ದಿಯಲ್ಲಿರುತ್ತದೆ, ಲೆಕ್ಕಪರಿಶೋಧಕರು ಖುದ್ದಾಗಿ ನೋಡಿ ಆರು ತಿಂಗಳಿಗೊಮ್ಮೆ ಟ್ರಸ್ಟಿಗಳಿಗೆ ವರದಿ ಕೊಡಬೇಕು. ನಮ್ಮ ಬ್ಯಾಂಕ್ ಲಾಕರಿಗೆ ಹೋಲಿಸಿ. ಬ್ಯಾಂಕಿನ ತಪ್ಪಿನಿಂದಲೋ ಕಳ್ಳತನದಿಂದಲೋ ಲಾಕರಿನ ಒಡವೆ ಹೋದರೆ ಬ್ಯಾಂಕ್ ಕೊಡಬೇಕಾದ ಪರಿಹಾರ ವರ್ಷದ ಬಾಡಿಗೆಯ ನೂರು ಪಟ್ಟಿಗೆ ಸೀಮಿತ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ನಿಯಮ ಮಾಡಿದೆ. ₹3,000 ಬಾಡಿಗೆಯ ಲಾಕರಿನಲ್ಲಿ ಎಷ್ಟೇ ಚಿನ್ನವಿದ್ದರೂ ಸಿಗುವುದು ಹೆಚ್ಚೆಂದರೆ ₹3 ಲಕ್ಷ.

ಒಡವೆಗೂ ಇಟಿಎಫ್‌ಗೂ ಇರುವ ಅಂತರ

ಲೆಕ್ಕ ಸುಲಭವಾಗಲೆಂದು 24 ಕ್ಯಾರಟ್ ಚಿನ್ನ ಗ್ರಾಂಗೆ ₹10,000 ಎಂದು ಹಿಡಿಯೋಣ. 10 ಗ್ರಾಂ ತೂಕದ 22 ಕ್ಯಾರಟ್ ಸರದಲ್ಲಿ ಇರುವ ಚಿನ್ನದ ಬೆಲೆ ₹91,600. ವೇಸ್ಟೇಜ್, ಮೇಕಿಂಗ್ ಎಂದು ಶೇ 12 ಸೇರಿದರೆ ₹1,02,592. ಅದರ ಮೇಲೆ ಶೇ 3 ಜಿಎಸ್‌ಟಿ. ಬಿಲ್ ಹತ್ತಿರ ಹತ್ತಿರ ₹1,05,670. ಅಂಗಡಿಯಿಂದ ಹೊರಗೆ ಕಾಲಿಡುವಷ್ಟರಲ್ಲಿ ₹14,000 ಹೋಗಿರುತ್ತದೆ. ಮಾರುವಾಗ ಕರಗಿಸಿದ ಲೆಕ್ಕದಲ್ಲಿ ಇನ್ನಷ್ಟು ಹೋಗುತ್ತದೆ. ಅದೇ ₹91,600 ಕೊಟ್ಟು ಇಟಿಎಫ್ ಕೊಂಡರೆ ಬ್ರೋಕರೇಜ್, ಸ್ಟ್ಯಾಂಪ್ ಶುಲ್ಕ ಎಲ್ಲ ಸೇರಿ ಸಾಮಾನ್ಯವಾಗಿ ಸಣ್ಣ ಮೊತ್ತ. ಷೇರಿಗೆ ಹಾಕುವ ಎಸ್‌ಟಿಟಿ ತೆರಿಗೆ ಚಿನ್ನದ ಇಟಿಎಫ್‌ಗೆ ಇಲ್ಲ.

ಹಾಗೆಂದು ಒಡವೆ ಕೊಳ್ಳುವುದು ದಡ್ಡತನ ಎನ್ನುವವರ ಜೊತೆ ನಾನಿಲ್ಲ. ಮಗಳ ಮದುವೆಗೆ ಎರಡು ವರ್ಷವಿದೆ, ಸರ, ಬಳೆ ಮಾಡಿಸಲೇಬೇಕು ಎಂದಿದ್ದರೆ ಮೇಕಿಂಗ್ ಮತ್ತು ಜಿಎಸ್‌ಟಿ ಇವತ್ತಲ್ಲದಿದ್ದರೆ ನಾಳೆ ಕೊಡಲೇಬೇಕು. ಇಟಿಎಫ್ ಮಾರಿ, ಲಾಭದ ಮೇಲೆ ತೆರಿಗೆ ಕಟ್ಟಿ, ಆಮೇಲೆ ಒಡವೆ ಕೊಂಡರೆ ಆ ಖರ್ಚು ತಪ್ಪುವುದಿಲ್ಲ. ಚಿನ್ನದ ಬೆಲೆ ಏರಿದರೆ ಇಟಿಎಫ್ ಕೂಡ ಏರಿರುತ್ತದೆ, ಹಾಗಾಗಿ ಏರಿದ ದರದಲ್ಲೂ ಕೊಳ್ಳಬಹುದೆಂಬ ನೆಮ್ಮದಿ ಮಾತ್ರ ಸಿಗುತ್ತದೆ. ಅದೂ ಬೇಕಾದದ್ದೇ, ಆದರೆ ಉಳಿತಾಯ ಎಂದು ಭ್ರಮಿಸಬಾರದು.

ಇನ್ನೊಂದು ವಿಷಯ ವಿಜಯನಗರದಂಥ ಬಡಾವಣೆಯಲ್ಲಿ ಹೇಳಲೇಬೇಕು. ಇಲ್ಲಿನ ಎಷ್ಟೋ ಮನೆಗಳಲ್ಲಿ ಚಿನ್ನ ಎಂದರೆ ಆಪತ್ಕಾಲದ ಸಾಲ. ಆಸ್ಪತ್ರೆಗೆ ಹಣ ಬೇಕಾದಾಗ, ಮಕ್ಕಳ ಫೀಸಿನ ಕೊನೆಯ ದಿನ ಬಂದಾಗ ಬಳೆ ತೆಗೆದುಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಹಣ ಸಿಗುತ್ತದೆ. ಇಟಿಎಫ್ ಹಾಗಲ್ಲ. ಚಿನ್ನದ ಮೇಲಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನಗಳು ಗಟ್ಟಿ ಚಿನ್ನ ಮತ್ತು ಚಿನ್ನ ಆಧಾರಿತ ಇಟಿಎಫ್‌ಗಳ ಮೇಲೆ ಸಾಲ ಕೊಡುವುದನ್ನು ಒಪ್ಪುವುದಿಲ್ಲ. ಇಟಿಎಫ್‌ನಿಂದ ಹಣ ಬೇಕೆಂದರೆ ಮಾರಬೇಕು. ಮಾರಿದ ಹಣ ಮುಂದಿನ ಕೆಲಸದ ದಿನ ಖಾತೆಯ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮನೆಯ ಎಲ್ಲ ಒಡವೆ ಮಾರಿ, ಇಟಿಎಫ್ ಇರುವ ಡಿಮ್ಯಾಟ್ ಖಾತೆಗೆ ಹಾಕಿ ಎಂಬ ಸಲಹೆಯನ್ನು ಕೇಳಬೇಡಿ. ಇನ್ನು ಮುಂದೆ ಉಳಿತಾಯಕ್ಕೆಂದೇ ಕೊಳ್ಳುವ ಚಿನ್ನಕ್ಕೆ, ಅಂದರೆ ಪೆಟ್ಟಿಗೆಯಲ್ಲೇ ಇರುವ ನಾಣ್ಯ, ಬಿಸ್ಕತ್ತು, ಯಾರೂ ಹಾಕಿಕೊಳ್ಳದ ಸರದ ಬದಲಿಗೆ, ಇಟಿಎಫ್ ಸರಿಯಾದ ಜಾಗ.

ಫಂಡುಗಳನ್ನು ಹೋಲಿಸುವುದು ಹೇಗೆ

ಮೊದಲಿಗೆ ಯುನಿಟ್ ಬೆಲೆಯನ್ನು ಮರೆತುಬಿಡಿ. ಶುರುವಿನಲ್ಲಿ ಒಂದು ಯುನಿಟ್ ಎಂದರೆ ಸುಮಾರು ಒಂದು ಗ್ರಾಂ ಇತ್ತು. 2019ರ ಡಿಸೆಂಬರ್‌ನಲ್ಲಿ ಗೋಲ್ಡ್ ಬೀಸ್ ತನ್ನ ಯುನಿಟ್ಟನ್ನು ನೂರು ಭಾಗ ಮಾಡಿತು. ಬೇರೆಯವರೂ ಅದೇ ದಾರಿ ಹಿಡಿದರು. ಈಗ ಗ್ರಾಂನ ನೂರನೇ ಒಂದು ಭಾಗದ ಯುನಿಟ್ ಸಾಮಾನ್ಯ, ಅದಕ್ಕಿಂತ ಚಿಕ್ಕವೂ ಇವೆ. ಒಂದರ ಬೆಲೆ ಇನ್ನೊಂದರ ಬೆಲೆಯ ಐದರಲ್ಲಿ ಒಂದು ಪಾಲು ಇದ್ದರೆ ಅದು ಅಗ್ಗ ಎಂದಲ್ಲ, ಅದರಲ್ಲಿರುವ ಚಿನ್ನವೂ ಅಷ್ಟೇ ಕಡಿಮೆ ಎಂದರ್ಥ.

ನೋಡಬೇಕಾದ ಮೊದಲ ಅಂಕಿ ವೆಚ್ಚದ ಅನುಪಾತ, ಅಂದರೆ ಎಕ್ಸ್‌ಪೆನ್ಸ್ ರೇಶಿಯೊ. ಚಿನ್ನವನ್ನು ಕಾಯುವುದಕ್ಕೆ, ವಿಮೆಗೆ, ಫಂಡು ನಡೆಸುವುದಕ್ಕೆ ಪ್ರತಿವರ್ಷ ನಿಮ್ಮ ಚಿನ್ನದಿಂದಲೇ ಮುರಿದುಕೊಳ್ಳುವ ಪಾಲು ಇದು. ಈಚಿನ ವರ್ಷಗಳಲ್ಲಿ ಚಿನ್ನದ ಇಟಿಎಫ್‌ಗಳಲ್ಲಿ ಇದು ಶೇ 0.3ರಿಂದ ಶೇ 0.8ರ ತನಕ ಹರಡಿಕೊಂಡಿದೆ. ಅಲ್ಪ ಎನಿಸುತ್ತದೆ. ₹5 ಲಕ್ಷ ಹಾಕಿ ಹತ್ತು ವರ್ಷ ಬಿಟ್ಟಿರಿ, ಚಿನ್ನದ ಬೆಲೆ ವರ್ಷಕ್ಕೆ ಶೇ 8ರಂತೆ ಏರಿತು ಎಂದುಕೊಳ್ಳಿ. ಶೇ 0.3 ಮುರಿದುಕೊಳ್ಳುವ ಫಂಡಿನಲ್ಲಿ ಸುಮಾರು ₹10.47 ಲಕ್ಷ, ಶೇ 0.8ರ ಫಂಡಿನಲ್ಲಿ ಸುಮಾರು ₹9.96 ಲಕ್ಷ. ಅದೇ ಚಿನ್ನ, ಅದೇ ಶುದ್ಧತೆ, ಅದೇ ಹತ್ತು ವರ್ಷ, ವ್ಯತ್ಯಾಸ ₹51,000.

ಆದರೆ ವೆಚ್ಚದ ಅನುಪಾತ ಮಾತ್ರ ನೋಡಿದರೆ ಅರ್ಧ ಸತ್ಯ. ಫಂಡು ಕೈಯಲ್ಲಿ ನಗದು ಇಟ್ಟುಕೊಂಡಿರಬಹುದು, ಚಿನ್ನ ಕೊಳ್ಳುವಾಗ ಖರ್ಚು ಆಗಿರಬಹುದು. ಇದೆಲ್ಲ ಒಟ್ಟಾಗಿ ಕಾಣುವುದು ಟ್ರ್ಯಾಕಿಂಗ್ ಡಿಫರೆನ್ಸ್ ಎಂಬ ಅಂಕಿಯಲ್ಲಿ. ಚಿನ್ನದ ಬೆಲೆ ವರ್ಷದಲ್ಲಿ ಶೇ 20 ಏರಿ, ಫಂಡು ಶೇ 19.1 ಕೊಟ್ಟಿದ್ದರೆ ಆ ಶೇ 0.9 ನಿಮ್ಮ ನಿಜವಾದ ಖರ್ಚು. ಇದನ್ನು ಒಂದು, ಮೂರು, ಐದು, ಹತ್ತು ವರ್ಷಗಳ ಲೆಕ್ಕದಲ್ಲಿ ಫಂಡ್ ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಎರಡು ಫಂಡುಗಳ ಮೂರು ವರ್ಷದ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಚಿನ್ನದ ಇಟಿಎಫ್ ಆರಿಸಲು ಇದಕ್ಕಿಂತ ನಂಬಿಕೆಯ ಅಂಕಿ ಇನ್ನೊಂದಿಲ್ಲ. ಟ್ರ್ಯಾಕಿಂಗ್ ಎರರ್ ಎಂಬ ಹೆಸರಿನ ಮತ್ತೊಂದು ಅಂಕಿಯೂ ಪಕ್ಕದಲ್ಲೇ ಇರುತ್ತದೆ. ಅದು ದಿನದಿನದ ಏರಿಳಿತ ಎಷ್ಟು ಸಮನಾಗಿ ಹೊಂದಿತು ಎಂಬುದರ ಅಳತೆ. ಮನೆ ಹೂಡಿಕೆದಾರರು ಡಿಫರೆನ್ಸ್ ನೋಡಿದರೆ ಸಾಕು.

ಇನ್ನು ಪೇಟೆಯೊಳಗಿನ ಸಂಗತಿ. ಮ್ಯೂಚುವಲ್ ಫಂಡ್ ಸಂಸ್ಥೆಯಿಂದ ನೇರವಾಗಿ ಇಟಿಎಫ್ ಕೊಳ್ಳುವುದು, ಅದಕ್ಕೇ ಹಿಂತಿರುಗಿಸುವುದು ₹25 ಕೋಟಿಗೂ ಮೇಲಿನ ವ್ಯವಹಾರ ಮಾಡುವ ದೊಡ್ಡವರಿಗೆ ಮಾತ್ರ. ನಾವು ನೀವು ಷೇರು ಪೇಟೆಯಲ್ಲೇ ಇನ್ನೊಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮಾರಬೇಕು. ಕೊಳ್ಳುವವರು, ಮಾರುವವರು ಇಬ್ಬರೂ ದಂಡಿಯಾಗಿರುವ ಫಂಡಿನಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಒಂದೆರಡು ಪೈಸೆ ಇರುತ್ತದೆ. ವಹಿವಾಟು ಕಡಿಮೆ ಇರುವ ಫಂಡಿನಲ್ಲಿ ಅದು ಶೇ 1 ದಾಟಬಹುದು. ಚಿಕ್ಕಪೇಟೆಯ ದೊಡ್ಡ ಸಗಟು ಅಂಗಡಿಗೂ ಊರಾಚೆಯ ಒಂಟಿ ಅಂಗಡಿಗೂ ಇರುವ ವ್ಯತ್ಯಾಸವೇ ಇದು.

ಇದನ್ನು ತಿಳಿಯಲು ಐ-ಎನ್‌ಎವಿ ನೋಡಬೇಕು. ಒಂದು ಯುನಿಟ್ಟಿನಲ್ಲಿರುವ ಚಿನ್ನಕ್ಕೆ ಆ ಹೊತ್ತಿನಲ್ಲಿ ಎಷ್ಟು ಬೆಲೆ ಎಂದು ಪೇಟೆ ತೆರೆದಿರುವಾಗ ಪ್ರಕಟವಾಗುತ್ತಿರುವ ಅಂಕಿ ಅದು. ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ. ಐ-ಎನ್‌ಎವಿ ₹100 ಇರುವಾಗ ಪೇಟೆಯಲ್ಲಿ ₹100.20ಕ್ಕೆ ಸಿಕ್ಕರೆ ಕೊಳ್ಳಿ. ₹102 ಕೇಳುತ್ತಿದ್ದರೆ ಅವತ್ತು ಬಿಡಿ. ಹೀಗೂ ಆಗುತ್ತದೆಯೇ ಎನ್ನುವವರು 2025ರ ಅಕ್ಟೋಬರ್ ನೆನಪಿಸಿಕೊಳ್ಳಿ. ದೀಪಾವಳಿಗೆ ಮುಂಚೆ ಬೆಳ್ಳಿಗೆ ಎಲ್ಲಿಲ್ಲದ ಬೇಡಿಕೆ ಬಂದು, ಗಟ್ಟಿ ಬೆಳ್ಳಿ ಸಿಗದೆ, ಬೆಳ್ಳಿಯ ಇಟಿಎಫ್‌ಗಳು ಒಳಗಿನ ಬೆಳ್ಳಿಯ ಬೆಲೆಗಿಂತ ಬಹಳ ಮೇಲೆ ಮಾರಾಟವಾದವು. ಕೋಟಕ್, ಎಸ್‌ಬಿಐ, ಯುಟಿಐ ಸಂಸ್ಥೆಗಳು ಬೆಳ್ಳಿ ಇಟಿಎಫ್‌ನಲ್ಲಿ ಹೂಡುವ ತಮ್ಮ ಫಂಡುಗಳಿಗೆ ಒಂದೇ ಸಲಕ್ಕೆ ಹಾಕುವ (ಲಂಪ್‌ಸಮ್) ಹೂಡಿಕೆಯನ್ನು ಕೆಲದಿನ ನಿಲ್ಲಿಸಿಬಿಟ್ಟವು. ಆಗ ಕೊಂಡವರು ಲೋಹಕ್ಕಷ್ಟೇ ಅಲ್ಲ, ಜನರ ಆತುರಕ್ಕೂ ಬೆಲೆ ಕೊಟ್ಟರು. ಅಕ್ಷಯ ತೃತೀಯ, ಧನತ್ರಯೋದಶಿಯ ದಿನ ಇಟಿಎಫ್ ಕೊಳ್ಳುವವರು ಈ ಒಂದು ಅಂಕಿಯನ್ನು ತಪ್ಪದೆ ನೋಡಬೇಕು.

ಆರ್ಡರ್ ಹಾಕುವಾಗ ಯಾವತ್ತೂ ಲಿಮಿಟ್ ಆರ್ಡರ್ ಹಾಕಿ: ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ನೀವೇ ಬೆಲೆ ಬರೆಯುವುದು. ಮಾರ್ಕೆಟ್ ಆರ್ಡರ್ ಹಾಕಿದರೆ ಸಿಕ್ಕ ಬೆಲೆಗೆ ಒಪ್ಪಿದಂತೆ. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆದ ಮೊದಲ ಕೆಲವು ನಿಮಿಷಗಳಲ್ಲಿ ಬೆಲೆ ಕುಣಿಯುತ್ತಿರುತ್ತದೆ. ಸ್ವಲ್ಪ ಹೊತ್ತು ಕಳೆಯಲಿ.

ಹೆಸರು ಹಿಡಿದು ಹೇಳುವುದಾದರೆ

ಗೋಲ್ಡ್ ಬೀಸ್ ಅತ್ಯಂತ ಹಳೆಯದು, ವಹಿವಾಟು ಅದರಲ್ಲೇ ಹೆಚ್ಚು. ಯಾವ ದಿನ ಮಾರಿದರೂ ಕೊಳ್ಳುವವರಿರುತ್ತಾರೆ. ಆದರೆ ವೆಚ್ಚದ ಅನುಪಾತ ಶೇ 0.8ರ ಸುಮಾರಿನಲ್ಲಿದ್ದು, ದುಬಾರಿ ಫಂಡುಗಳ ಸಾಲಿಗೇ ಸೇರುತ್ತದೆ. ಎಚ್‌ಡಿಎಫ್‌ಸಿ, ಐಸಿಐಸಿಐ ಪ್ರುಡೆನ್ಷಿಯಲ್, ಎಸ್‌ಬಿಐ, ಕೋಟಕ್ ಫಂಡುಗಳು ಗಾತ್ರದಲ್ಲಿ ದೊಡ್ಡವು, ಮನೆ ಹೂಡಿಕೆದಾರರ ಅಗತ್ಯಕ್ಕೆ ಬೇಕಾದಷ್ಟು ವಹಿವಾಟಿದೆ. ಅವುಗಳ ವೆಚ್ಚ ಹೆಚ್ಚಾಗಿ ಮಧ್ಯದಲ್ಲಿದೆ. ಬೆಂಗಳೂರಿನದೇ ಆದ ಝೀರೋಧಾದ ಗೋಲ್ಡ್ ಇಟಿಎಫ್ 2024ರಲ್ಲಿ ಬಂದದ್ದು. ವೆಚ್ಚ ಶೇ 0.3ರ ಆಸುಪಾಸು, ಆದರೆ ಇತಿಹಾಸ ಚಿಕ್ಕದು. ಈ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ಕೊಳ್ಳುವ ಮುಂಚೆ ಆ ತಿಂಗಳ ಫ್ಯಾಕ್ಟ್‌ಶೀಟ್ ನೋಡಿ.

ನನ್ನ ಅಭಿಪ್ರಾಯ ನೇರವಾಗಿದೆ. ಐದಾರು ವರ್ಷ ಮುಟ್ಟುವುದಿಲ್ಲ ಎನ್ನುವವರಿಗೆ ವೆಚ್ಚ ಮುಖ್ಯ. ವಹಿವಾಟು ಚೆನ್ನಾಗಿರುವ ಏಳೆಂಟು ಫಂಡುಗಳಲ್ಲಿ ಮೂರು ವರ್ಷದ ಟ್ರ್ಯಾಕಿಂಗ್ ಡಿಫರೆನ್ಸ್ ಕಡಿಮೆ ಇರುವುದನ್ನು ಆರಿಸಿ. ಒಂದೆರಡು ವರ್ಷದಲ್ಲಿ ಮಾರುವವರಿಗೆ, ದೊಡ್ಡ ಮೊತ್ತ ಒಟ್ಟಿಗೆ ಹಾಕುವವರಿಗೆ ವಹಿವಾಟು ಮುಖ್ಯ. ಸ್ವಲ್ಪ ವೆಚ್ಚ ಹೆಚ್ಚಾದರೂ ಅತಿ ಹೆಚ್ಚು ವ್ಯಾಪಾರವಾಗುವ ಫಂಡೇ ಸರಿ. ಮೂರು ನಾಲ್ಕು ಫಂಡುಗಳಲ್ಲಿ ಹಂಚಿಡುವುದರಿಂದ ಅಪಾಯವೇನೂ ಕಡಿಮೆಯಾಗದು, ಎಲ್ಲದರ ಒಳಗೂ ಅದೇ ಚಿನ್ನ. ಮಾರುವ ದಿನ ಡಿಮ್ಯಾಟ್‌ನಿಂದ ಯುನಿಟ್ ತೆಗೆಯುವುದಕ್ಕೆ ಪ್ರತಿ ಫಂಡಿಗೂ ಪ್ರತ್ಯೇಕ ಡಿಪಿ ಶುಲ್ಕ ಬೀಳುವುದಷ್ಟೇ. ಆ ಶುಲ್ಕ ಎಷ್ಟು ಯುನಿಟ್ ಮಾರಿದರೂ ಒಂದೇ, ಹಾಗಾಗಿ ಚೂರು ಚೂರು ಮಾರಬೇಡಿ.

ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕದ ಚಿಂತೆ ಇರುವವರಿಗೆ ಒಂದು ಅನುಕೂಲವಿದೆ. ಒಬ್ಬರಿಗೆ ಒಂದೇ ಡಿಮ್ಯಾಟ್ ಇದ್ದು ಅದರ ಮೌಲ್ಯ ₹4 ಲಕ್ಷದ ಒಳಗಿದ್ದರೆ ಬೇಸಿಕ್ ಸರ್ವಿಸಸ್ ಡಿಮ್ಯಾಟ್ ಖಾತೆಗೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ. ₹10 ಲಕ್ಷದ ತನಕ ವರ್ಷಕ್ಕೆ ₹100. ಇದು 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಡಿಮ್ಯಾಟ್ ಬೇಡವೇ ಬೇಡ ಎನ್ನುವ ಹಿರಿಯರಿಗೆ ಗೋಲ್ಡ್ ಫಂಡ್‌ಗಳಿವೆ. ಅವು ನಿಮ್ಮ ಹಣ ತೆಗೆದುಕೊಂಡು ತಾವೇ ಗೋಲ್ಡ್ ಇಟಿಎಫ್ ಕೊಳ್ಳುತ್ತವೆ. ತಿಂಗಳಿಗೆ ಕೆಲವೇ ನೂರು ರೂಪಾಯಿಯ ಎಸ್‌ಐಪಿ ಮಾಡಬಹುದು, ಪೇಟೆಯ ಬೆಲೆಯ ತಲೆನೋವಿಲ್ಲ. ಆದರೆ ಇಟಿಎಫ್‌ನ ವೆಚ್ಚದ ಮೇಲೆ ಈ ಫಂಡಿನ ವೆಚ್ಚವೂ ಸೇರುತ್ತದೆ. ಡೈರೆಕ್ಟ್ ಪ್ಲಾನ್ ಆರಿಸಿಕೊಂಡರೆ ಸ್ವಲ್ಪ ಉಳಿಯುತ್ತದೆ.

ತೆರಿಗೆಯ ಲೆಕ್ಕ

ಗೋಲ್ಡ್ ಇಟಿಎಫ್ ಕೊಂಡು 12 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ, ಅದರೊಳಗೆ ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬ್ ದರ. ಗೋಲ್ಡ್ ಫಂಡ್‌ಗೂ ಒಡವೆಗೂ ಆ ಗಡುವು 24 ತಿಂಗಳು. ಹಣದುಬ್ಬರದ ಲೆಕ್ಕ ಹಿಡಿದು ಲಾಭ ಇಳಿಸುವ ಸೌಲಭ್ಯ 2024ರ ಜುಲೈ ಬಜೆಟ್‌ನಲ್ಲಿ ಹೋಯಿತು. ಷೇರುಗಳ ಲಾಭಕ್ಕೆ ವರ್ಷಕ್ಕೆ ₹1.25 ಲಕ್ಷದ ತನಕ ಇರುವ ವಿನಾಯಿತಿ ಚಿನ್ನದ ಇಟಿಎಫ್‌ಗೂ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ.

ಸರ್ಕಾರದ ಸವರನ್ ಗೋಲ್ಡ್ ಬಾಂಡ್ ಇವೆಲ್ಲಕ್ಕಿಂತ ಒಳ್ಳೆಯದಿತ್ತು: ಚಿನ್ನದ ಬೆಲೆಯ ಜೊತೆಗೆ ವರ್ಷಕ್ಕೆ ಶೇ 2.5 ಬಡ್ಡಿ. 2015ರ ನವೆಂಬರ್‌ನಲ್ಲಿ ಶುರುವಾದ ಆ ಯೋಜನೆಯ ಕೊನೆಯ ಕಂತು ಬಂದದ್ದು 2024ರ ಫೆಬ್ರುವರಿಯಲ್ಲಿ. ಮನೆಯಲ್ಲಿ ಹಳೆಯ ಬಾಂಡ್ ಇದ್ದರೆ ಅವಸರಕ್ಕೆ ಮಾರಬೇಡಿ, ಅವಧಿ ಮುಗಿಯುವ ತನಕ ಇಟ್ಟುಕೊಳ್ಳಿ.

ಇಟಿಎಫ್ ಎಂದು ತಪ್ಪು ತಿಳಿದು ಬೇರೆಯದನ್ನು ಕೊಳ್ಳುವ ಅಪಾಯವೂ ಇದೆ. ಹಣ ಪಾವತಿಯ ಆ್ಯಪ್‌ಗಳಲ್ಲಿ ₹10ಕ್ಕೂ ಸಿಗುವ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣಕ್ಕೆ ಒಳಪಟ್ಟದ್ದಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ಕೊಳ್ಳುವಾಗಲೇ ಶೇ 3 ಜಿಎಸ್‌ಟಿ ಹೋಗುತ್ತದೆ, ಕೊಳ್ಳುವ ಮಾರುವ ಬೆಲೆಗಳ ಅಂತರ ಬೇರೆ. ಒಡವೆ ಅಂಗಡಿಯ ಹನ್ನೊಂದು ತಿಂಗಳ ಚೀಟಿಗೂ ಸೆಬಿಯ ಕಾವಲಿಲ್ಲ. ಅಂಗಡಿ ಬಾಗಿಲು ಹಾಕಿದರೆ ಕಟ್ಟಿದವರು ಸಾಲಿನಲ್ಲಿ ನಿಲ್ಲಬೇಕು. 2019ರ ಐಎಂಎ ಹಗರಣದಲ್ಲಿ, ಆಭರಣ ಮಳಿಗೆಯ ಹೊಳಪು ನಂಬಿ ಹಣ ಹಾಕಿದ್ದ ಸಾವಿರಾರು ಕುಟುಂಬಗಳ ಗೋಳನ್ನು ಈ ನಗರ ಕಂಡಿದೆ. ಅನುಮಾನ ಬಂದರೆ ಸೆಬಿಯ ಉಚಿತ ಸಹಾಯವಾಣಿ 1800 266 7575ಕ್ಕೆ ಕರೆ ಮಾಡಿ ಕೇಳಿ.

ಎಷ್ಟು ಹಾಕಬೇಕು? ಬೆಲೆ ಏರುತ್ತಲೇ ಇರುವುದನ್ನು ನೋಡಿದವರಿಗೆ ಇಳಿಯುವುದು ಮರೆತುಹೋಗಿದೆ. 2012ರ ಕೊನೆಯಲ್ಲಿ 10 ಗ್ರಾಂಗೆ ₹32,000ದ ಆಸುಪಾಸಿನಲ್ಲಿದ್ದ ಚಿನ್ನ, ವಿಜಯನಗರಕ್ಕೆ ಮೆಟ್ರೊ ಬಂದ 2015ರ ನವೆಂಬರ್ ಹೊತ್ತಿಗೆ ₹26,000ದ ಸುಮಾರಿಗೆ ಇಳಿದಿತ್ತು. 2012ರ ಕೊನೆಯಲ್ಲಿ ಕೊಂಡು ಇಟ್ಟುಕೊಂಡವರಿಗೆ ಆಗ ಅಸಲೂ ಕೈಗೆ ಬರುತ್ತಿರಲಿಲ್ಲ. 2024ರ ಜುಲೈ 23ರಂದು ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ ಒಡವೆ, ಇಟಿಎಫ್ ಎರಡರ ಬೆಲೆಯೂ ಅದೇ ದಿನ ಕುಸಿಯಿತು. ಆದ್ದರಿಂದ ಉಳಿತಾಯದ ಶೇ 10, ಹೆಚ್ಚೆಂದರೆ ಶೇ 15 ಚಿನ್ನದಲ್ಲಿರಲಿ ಎಂಬುದು ನನ್ನ ಸಲಹೆ. ಪೆಟ್ಟಿಗೆಯಲ್ಲಿರುವ ನಾಣ್ಯ, ಬಿಸ್ಕತ್ತುಗಳನ್ನು ಈ ಲೆಕ್ಕಕ್ಕೆ ಸೇರಿಸಿ. ಮನೆಯ ಹೆಣ್ಣುಮಕ್ಕಳ ಮೈಮೇಲಿನ ಒಡವೆ ಅವರದ್ದು, ಅದನ್ನು ಸೇರಿಸಬೇಡಿ. ಒಂದೇ ದಿನ ಎಲ್ಲ ಹಾಕದೆ ತಿಂಗಳಿಗಿಷ್ಟು ಎಂದು ಕೊಳ್ಳುತ್ತ ಹೋಗಿ.

ಕೊನೆಯದಾಗಿ ಒಂದು ವಿನಂತಿ. ಪೆಟ್ಟಿಗೆಯಲ್ಲಿರುವ ಚಿನ್ನ ಮನೆಯವರಿಗೆಲ್ಲ ಗೊತ್ತಿರುತ್ತದೆ, ಡಿಮ್ಯಾಟ್‌ನಲ್ಲಿರುವ ಚಿನ್ನ ಕೊಂಡವರಿಗೆ ಮಾತ್ರ. ಈ ವಾರವೇ ನಿಮ್ಮ ಖಾತೆ ತೆರೆದು ನಾಮಿನಿ ಹೆಸರು ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಯಾವ ಬ್ರೋಕರ್, ಯಾವ ಫಂಡು, ಎಷ್ಟು ಯುನಿಟ್ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ, ಹೆಂಡತಿಗೋ ಗಂಡನಿಗೋ ತೋರಿಸಿ.